ಮುನಿವೆಂಕಟಮ್ಮ ಹೆಸರು ಹೇಳದ ಕೆರೆ

ಮಳೆ ಸುರಿಸುವಾಗ ಭಗವಂತ ಇದು ಯಾರ ಕೆರೆ ಎಂದು ಕೇಳುವುದಿಲ್ಲ. ಹಾಗೆ ಕೇಳುವವರು ನಾವು. ಕೇಳಿದ್ದರಿಂದಲೇ ಈ ಕಥೆ ನಡೆಯಿತು.

ಬನ್ನೇರುಘಟ್ಟ ರಸ್ತೆಯಲ್ಲಿ ಹುಳಿಮಾವು ಸಿಗುವುದಕ್ಕೆ ಮುಂಚೆ ಮಣ್ಣುದಾರಿಯಲ್ಲಿ ಇಳಿದರೆ ಆಗ ಒಂದು ಕೆರೆ ಇತ್ತು. ಕಟ್ಟಿಸಿದವರು ಚಿಕ್ಕಬೈರಪ್ಪ ಎಂಬ ಹಿರಿಯರು. ತಾತನ ಹೆಸರನ್ನು ಮೊಮ್ಮಗನಿಗೆ ಇಡುವುದು ನಮ್ಮ ಕಡೆಯ ಪದ್ಧತಿ. ಹಾಗಾಗಿ ಕೆರೆಗೂ ಅದೇ ಹೆಸರು, ಮೊಮ್ಮಗನಿಗೂ ಅದೇ ಹೆಸರು. ಆ ಮೊಮ್ಮಗನ ಹೆಂಡತಿ ಮುನಿವೆಂಕಟಮ್ಮ, ಆ ಸೀಮೆಯ ಶಾಸಕಿ.

ಆಕೆ ಶಾಸಕಿಯಾದದ್ದೂ ಒಂದು ಕಥೆಯೇ. ಅರವತ್ತೆರಡರ ಚುನಾವಣೆಗೆ ಊರಿನವರು ಮೊದಲು ನಿಲ್ಲಿಸಬೇಕೆಂದಿದ್ದು ಚಿಕ್ಕಬೈರಪ್ಪನನ್ನು. ಒಳ್ಳೆಯ ಮನುಷ್ಯ, ದೇವರಂಥವನು. ದೇವರಂತೆಯೇ ಮಾತಿಲ್ಲ. ಅರಳಿಕಟ್ಟೆಯ ಮೊದಲ ಸಭೆಯಲ್ಲಿ ಎದ್ದು ನಿಂತ, ಕೈ ಮುಗಿದ, ಬೆವರಿದ, ಕೂತ. ಅಷ್ಟರಲ್ಲಿ ಕೆರೆಯ ಏರಿಯ ಮೇಲಿಂದ ಮುನಿವೆಂಕಟಮ್ಮ ಆಚೆ ದಡದ ಎಮ್ಮೆಯನ್ನು ಕೂಗಿದಳು. ಎಮ್ಮೆ ಮಾತ್ರವಲ್ಲ, ಕಟ್ಟೆಯ ಮೇಲಿದ್ದವರೆಲ್ಲ ತಿರುಗಿ ನೋಡಿದರು. "ಈ ಗಂಟಲು ಇಲ್ಲೇಕೆ ವೇಸ್ಟ್ ಆಗ್ಬೇಕು?" ಎಂದರು ಯಾರೋ. ಪಕ್ಷವಿಲ್ಲ, ಬಾವುಟವಿಲ್ಲ, ಏಣಿಯ ಗುರುತು ಹಿಡಿದು ಆಕೆ ಗೆದ್ದುಬಂದಳು.

ಗಂಟಲು ದೊಡ್ಡದಾದರೂ ಆ ಗಂಟಲಿನಿಂದ ಹೊರಡದ ಹೆಸರು ಒಂದಿತ್ತು. ಗಂಡನ ಹೆಸರು ಬಾಯಿಗೆ ಬಂದರೆ ಅವನ ಆಯಸ್ಸು ಸವೆಯುತ್ತದೆ ಎಂದು ಅತ್ತೆ ಲಕ್ಷ್ಮಮ್ಮ ಮದುವೆಯ ದಿನವೇ ಹೇಳಿದ್ದರು. ಸೊಸೆ ಅದನ್ನು ಅತ್ತೆಗಿಂತ ಬಿಗಿಯಾಗಿ ಹಿಡಿದಳು. ಪೂರ್ತಿ ಹೆಸರು ಇರಲಿ, ಅದರ ಚೂರೂ ಬೇಡವೆಂದಳು. ಚಿಕ್ಕಪೇಟೆಗೆ ಹೋಗುವಾಗ ಬಸ್ಸಿನ ಕಂಡಕ್ಟರಿಗೆ, "ದೊಡ್ಡಪೇಟೆ ತಮ್ಮನ ಹತ್ರ ಇಳಿಸಪ್ಪ" ಎನ್ನುವಳು. ಕಾಲಭೈರವನಿಗೆ ಹರಕೆ ಹೊತ್ತರೆ, "ನಾಯಿ ಮೇಲೆ ಬರೋ ಸ್ವಾಮಿ" ಎಂದು ಬೇಡಿಕೊಳ್ಳುವಳು. ಸ್ವಾಮಿಗೆ ಅರ್ಥವಾಗುತ್ತಿತ್ತು. ಕಂಡಕ್ಟರಿಗೂ ಆಗುತ್ತಿತ್ತು.

ಜಯನಗರ ಆಗ ದಿನದಿನಕ್ಕೂ ದಕ್ಷಿಣಕ್ಕೆ ಕಾಲು ಚಾಚುತ್ತಿತ್ತು. ಕಲ್ಲು ನೆಡುವವರು, ಟೇಪು ಹಿಡಿಯುವವರು ಕೆರೆಯವರೆಗೂ ಬಂದರು. ಹೊಸ ಬಡಾವಣೆಗಾಗಿ ಕೆರೆಯನ್ನು ಮುಚ್ಚುತ್ತಾರೆ, ಸೋಮವಾರದಿಂದ ಲಾರಿಯಲ್ಲಿ ಮಣ್ಣು ಬರುತ್ತದೆ ಎಂದು ತಿಳಿಯಿತು. ಊರಿನ ಬಾವಿಗಳೆಲ್ಲ ಆ ಕೆರೆಯ ಜಲವನ್ನೇ ನಂಬಿದ್ದವು. ಕೆರೆ ಹೋದರೆ ಬಾವಿ ಹೋಯಿತು, ಸೊಪ್ಪಿನ ಮಡಿ ಹೋಯಿತು, ಊರೂ ಹೋದಂತೆ.

ಅದೇ ವಾರ ಚಿಕ್ಕಬೈರಪ್ಪ ರಾಗಿ ಹೊಲದಲ್ಲಿ ಎದೆ ಹಿಡಿದುಕೊಂಡು ಕುಸಿದ. ಡಾಕ್ಟರು ನೋಡಿ, ಹೃದಯ ಸ್ವಲ್ಪ ಸೋತಿದೆ, ಹುಷಾರು ಎಂದರು. ಮುನಿವೆಂಕಟಮ್ಮ ಬನಶಂಕರಿಯಮ್ಮನ ಗುಡಿಗೆ ಹೋಗಿ ನಿಂಬೆಹೋಳಿನಲ್ಲಿ ದೀಪ ಹಚ್ಚಿ, "ತಾಯಿ, ಕೆರೆ ಉಳಿಸು, ಇವರನ್ನೂ ಉಳಿಸು. ಎರಡರಲ್ಲಿ ಯಾವುದು ಅಂತ ಮಾತ್ರ ಕೇಳ್ಬೇಡ" ಎಂದು ಬೇಡಿದಳು.

ಆಮೇಲೆ ವಿಧಾನಸಭೆಯ ಕಚೇರಿಗೆ ಹೋಗಿ ಗುಮಾಸ್ತನೊಬ್ಬನಿಗೆ ಪ್ರಶ್ನೆ ಬರೆಸಿದಳು. ಯಾವ ಕೆರೆ ಎಂದು ಅವನು ಕೇಳಿದ. "ನಮ್ಮ ಯಜಮಾನ್ರ ಕೆರೆ ಅಂತ ಬರ್ಕೊಳಪ್ಪ" ಎಂದಳು. ಅವನು ಹಾಗೆಯೇ ಬರೆದುಕೊಂಡ. ಗುಮಾಸ್ತನದೇನು ತಪ್ಪು?

ಶುಕ್ರವಾರ ಸಭೆ ಸೇರಿತು. ಸಂದರ್ಶಕರ ಗ್ಯಾಲರಿಯಲ್ಲಿ ಊರಿನವರು ತುಂಬಿದ್ದರು. ನಡುವೆ ಚಿಕ್ಕಬೈರಪ್ಪ, ಹೆಗಲ ಮೇಲೆ ಮಡಿಸಿದ ಟವೆಲು, ಗುಡಿಯಲ್ಲಿ ಕೂತ ಹಾಗೆ ಕೂತಿದ್ದ. ಮುನಿವೆಂಕಟಮ್ಮನ ಪ್ರಶ್ನೆಯ ಸರದಿ ಬಂತು. ಮಂತ್ರಿ ಪರಮಶಿವಯ್ಯನವರು ಎದ್ದು ಉತ್ತರ ಓದಿದರು.

"ಮಾನ್ಯ ಸದಸ್ಯೆಯ ಪತಿಗೆ ಸೇರಿದ ಖಾಸಗಿ ಕೆರೆಯ ವಿಚಾರ ಸರ್ಕಾರದ ಗಮನಕ್ಕೆ ಬಂದಿರುವುದಿಲ್ಲ. ಪತಿಯು ತನ್ನ ಕೆರೆಯನ್ನು ಮುಚ್ಚಿಕೊಳ್ಳುವುದು ಬಿಡುವುದು ಪತಿಗೆ ಬಿಟ್ಟದ್ದು."

ಸಭೆ ನಕ್ಕಿತು. ಮುನಿವೆಂಕಟಮ್ಮ ಎದ್ದಳು. "ಖಾಸಗಿ ಅಲ್ಲ ಸ್ವಾಮಿ. ಊರಿಂದು. ನಮ್ಮ ಯಜಮಾನ್ರು ಅದ್ರಲ್ಲಿ ಕಾಲು ತೊಳೀತಾರೆ, ಅಷ್ಟೇ."

ಸಭಾಧ್ಯಕ್ಷರಾದ ಗುರುಬಸಪ್ಪನವರು ಹಣೆಯ ತುಂಬ ವಿಭೂತಿ ಧರಿಸಿದ, ನಿಯಮವನ್ನೂ ಶಿವಪೂಜೆಯಷ್ಟೇ ನಿಷ್ಠೆಯಿಂದ ನಡೆಸುತ್ತಿದ್ದ ಹಿರಿಯರು. "ತಾಯಿ, ಆ ಕೆರೆಗೆ ಹೆಸರಿದೆಯೋ?" ಎಂದು ಕೇಳಿದರು.

"ಐತೆ ಸ್ವಾಮಿ."

"ಹೇಳಿ ಹಾಗಾದರೆ."

"ಹೇಳಂಗಿಲ್ಲ ಸ್ವಾಮಿ."

"ಹುಳಿಮಾವಿನ ಕೆರೆಯೋ?"

"ಅದಕ್ಕಿಂತ ಈಚೆ."

"ಗೊಟ್ಟಿಗೆರೆಯದೋ?"

"ಅಯ್ಯೋ, ಅದು ಇನ್ನೂ ಆಚೆ. ನಾನು ಈಚೆ ಅಂದೆ."

ಮಂತ್ರಿಗಳು ನಕ್ಷೆ ತರಿಸಿದರು. ನಾಲ್ಕು ಜನ ನಾಲ್ಕು ಮೂಲೆ ಹಿಡಿದರು. ಮುನಿವೆಂಕಟಮ್ಮ ಕೆಳಗಿಳಿದು ಬಂದು ಬೆರಳಿಟ್ಟಳು. ಪರಮಶಿವಯ್ಯನವರು ಕನ್ನಡಕ ಏರಿಸಿ ನೋಡಿದರು. "ಇಲ್ಲಿ ಕೆರೆಯೇ ಇಲ್ಲವಲ್ಲಮ್ಮ? ಇದು ಅಡ್ಡರಸ್ತೆ. ಇದು ಮಕ್ಕಳ ಆಟದ ಮೈದಾನ."

"ಆ ಮೈದಾನದಲ್ಲೇ ಸ್ವಾಮಿ ಇವತ್ತು ಬೆಳಿಗ್ಗೆ ನಮ್ಮ ಎಮ್ಮೆ ಮುಳುಗಿ ಎದ್ದಿದ್ದು!"

"ನಕ್ಷೆಯಲ್ಲಿ ಇಲ್ಲದ ಕೆರೆಯನ್ನು ಸರ್ಕಾರ ಹೇಗೆ ಮುಚ್ಚುತ್ತದೆ? ಮುಚ್ಚದ ಕೆರೆಯನ್ನು ಹೇಗೆ ಉಳಿಸುತ್ತದೆ? ಹೆಸರು ಹೇಳಿದರೆ ಹಳೆಯ ದಾಖಲೆ ನೋಡಬಹುದು."

ಪಕ್ಕದ ಆಸನದ ಸದಸ್ಯ ಗಂಗಾಧರಯ್ಯನಿಗೆ ಆ ಕೆರೆಯೂ ಗೊತ್ತು, ಅದರಲ್ಲಿ ಈಜಿಯೂ ಗೊತ್ತು. ಅವನು ತಡೆಯಲಾರದೆ ಎದ್ದ. "ಅಧ್ಯಕ್ಷರೇ, ಆ ಹೆಸರು ನಾನು ಹೇಳ್ತೀನಿ."

"ಪ್ರಶ್ನೆ ಯಾರದು?" ಎಂದರು ಗುರುಬಸಪ್ಪನವರು.

"ಅಕ್ಕನದು."

"ಪ್ರಶ್ನೆ ಕೇಳಿದವರೇ ವಿವರ ಕೊಡಬೇಕು. ಮಧ್ಯೆ ನೀವು ಹೇಳಿದರೆ ಅದು ಕಡತಕ್ಕೆ ಹೋಗುವುದಿಲ್ಲ. ಕೂತುಕೊಳ್ಳಿ."

ಗಂಗಾಧರಯ್ಯ ಕೂತು ಪಿಸುಗುಟ್ಟಿದ. "ಹೇಳ್ಬಿಡಿ ಅಕ್ಕ, ಒಂದೇ ಒಂದ್ಸಲ. ಅಣ್ಣನಿಗೆ ಏನೂ ಆಗಲ್ಲ."

"ಮೊನ್ನೆ ಹೊಲದಲ್ಲಿ ಬಿದ್ದಿದ್ರು ಕಣಪ್ಪ. ನಾನು ಹೇಳಿ, ಅವರಿಗೇನಾದ್ರೂ ಆಗಿ, ಆಮೇಲೆ ಆ ಕೆರೆ ನೀರು ನನ್ನ ಗಂಟಲಲ್ಲಿ ಇಳೀತದಾ?"

ಗಂಗಾಧರಯ್ಯ ತಲೆಯಾಡಿಸಿದ. ಅವನ ಹೆಂಡತಿಯೂ ಅವನನ್ನು ಕರೆಯುತ್ತಿದ್ದದ್ದು "ಇಲ್ನೋಡಿ" ಎಂದೇ.

ಅಧ್ಯಕ್ಷರು ಗಡಿಯಾರ ನೋಡಿದರು. "ತಾಯಿ, ಹೆಸರು ಬಾರದಿದ್ದರೆ ಮುಂದಿನ ಪ್ರಶ್ನೆಗೆ ಹೋಗಬೇಕಾಗುತ್ತದೆ."

ಮುನಿವೆಂಕಟಮ್ಮ ಬಾಯಿ ತೆರೆದಳು. ಎಮ್ಮೆ ಕರೆಯುವ ಆ ಗಂಟಲಿನಿಂದ ಗಾಳಿ ಮಾತ್ರ ಬಂತು. ಸೆರಗಿನಿಂದ ಬಾಯಿ ಮುಚ್ಚಿಕೊಂಡಳು. ಒಂದು ಕಡೆ ಊರಿನ ನೀರು, ಇನ್ನೊಂದು ಕಡೆ ಕೊರಳ ತಾಳಿ. ಅಂಥ ಹೊತ್ತಿನಲ್ಲಿ ಮನುಷ್ಯರು ಮೇಲೆ ನೋಡುತ್ತಾರೆ. ಆಕೆಯೂ ನೋಡಿದಳು. ಮೇಲೆ ಗ್ಯಾಲರಿ ಇತ್ತು.

ಗ್ಯಾಲರಿಯಲ್ಲಿ ಚಿಕ್ಕಬೈರಪ್ಪ ಎದ್ದು ನಿಂತಿದ್ದ. ಕೈ ಮುಗಿದ, ಬೆವರಿದ. ಆದರೆ ಈ ಸಲ ಕೂರಲಿಲ್ಲ.

"ಚಿಕ್ಕಬೈರಪ್ಪ!" ಎಂದು ಕೂಗಿದ.

ಊರಿನವರು ಬೆಚ್ಚಿದರು. ನಾಲ್ಕು ಜನರ ಎದುರು ಅವನ ದನಿ ಅವರು ಕೇಳಿದ್ದು ಅದೇ ಮೊದಲು.

ಗುರುಬಸಪ್ಪನವರು ತಲೆಯೆತ್ತಲಿಲ್ಲ. "ಗ್ಯಾಲರಿಯಲ್ಲಿ ಆಡಿದ ಮಾತು ಸಭೆಗೆ ಕೇಳಿಸುವುದಿಲ್ಲ."

"ಚಿಕ್ಕಬೈರಪ್ಪ ಸ್ವಾಮಿ! ಚಿಕ್ಕಬೈರಪ್ಪ!"

"ಮಂತ್ರಿಗಳೇ, ತಮಗೇನಾದರೂ ಕೇಳಿಸಿತೇ?"

"ಇಲ್ಲ ಅಧ್ಯಕ್ಷರೇ, ಏನೂ ಕೇಳಿಸಲಿಲ್ಲ" ಎಂದರು ಪರಮಶಿವಯ್ಯನವರು ಕಿವಿ ಉಜ್ಜಿಕೊಳ್ಳುತ್ತ.

"ಕೇಳಿಸದಿದ್ದರೂ ಸಭೆಗೆ ತೊಂದರೆಯಾಗುತ್ತಿದೆ. ಆ ಸಂದರ್ಶಕರನ್ನು ಹೊರಗೆ ಕಳಿಸಬೇಕು. ಹೆಸರಿಲ್ಲದೆ ಯಾರನ್ನೂ ಹೊರಹಾಕಲು ನಿಯಮವಿಲ್ಲ. ಅವರ ಹೆಸರು ಕೇಳಿ ತಿಳಿಸಿ."

ಮಾರ್ಷಲ್ ಮೆಟ್ಟಿಲು ಹತ್ತಿಹೋಗಿ ಕೇಳಿದ. "ಏನ್ ಯಜಮಾನ್ರೆ ನಿಮ್ಮ ಹೆಸರು?"

"ಆಗ್ಲಿಂದ ಮತ್ತೇನು ಬೇಲೂರು ಹಳೇಬೀಡು ಕಥೆ ಹೇಳ್ತಿದ್ದೀನಾ ನಾನು?" ಎಂದ ಚಿಕ್ಕಬೈರಪ್ಪ. ಒಮ್ಮೆ ಬಾಯಿ ಬಂದ ಮೇಲೆ ನಿಲ್ಲಿಸುವುದು ಅವನಿಗೂ ಕಷ್ಟವಾಗಿತ್ತು.

ಮಾರ್ಷಲ್ ಇಳಿದು ಬಂದು ಅಧ್ಯಕ್ಷರ ಕಿವಿಯಲ್ಲಿ ಹೇಳಿದ. ಗುರುಬಸಪ್ಪನವರು ಗಂಟಲು ಸರಿಮಾಡಿಕೊಂಡು, ಶೀಘ್ರಲಿಪಿಕಾರರು ಬರೆದುಕೊಳ್ಳುವಷ್ಟು ನಿಧಾನವಾಗಿ ಘೋಷಿಸಿದರು. "ಚಿಕ್ಕಬೈರಪ್ಪ ಎಂಬ ಸಂದರ್ಶಕರು ಸಭೆಯಿಂದ ಹೊರಗೆ ಹೋಗತಕ್ಕದ್ದು."

"ಅದೇ ಸ್ವಾಮಿ!" ಮುನಿವೆಂಕಟಮ್ಮನ ಗಂಟಲು ತೆರೆದುಕೊಂಡಿತು. ಗಾಜಿನ ಲೋಟಗಳು ಸದ್ದು ಮಾಡಿದವು. "ಈಗ ತಮ್ಮ ಬಾಯಲ್ಲಿ ಬಂತಲ್ಲ, ಅದೇ ಹೆಸರು! ಹಿಂದೆ ಮುಂದೆ ಒಂಚೂರು ನೀರು ಸೇರಿಸ್ಕೊಳ್ಳಿ, ಅದೇ ಕೆರೆ!"

ಗುರುಬಸಪ್ಪನವರು ಒಂದು ಕ್ಷಣ ಕಣ್ಣು ಮುಚ್ಚಿದರು. ನಿಯಮಗಳನ್ನು ನೆನೆಯುತ್ತಿದ್ದರೋ ಶಿವನನ್ನೋ ತಿಳಿಯದು. ಕಣ್ಣು ತೆರೆದು ಹೇಳಿದರು. "ಅಧ್ಯಕ್ಷರ ಬಾಯಿಂದ ಬಂದದ್ದು ಕಡತಕ್ಕೆ ಹೋಗಿದೆ. ಸದಸ್ಯೆಯು ಅದನ್ನು ಒಪ್ಪಿದ್ದಾರೆ. ಮಂತ್ರಿಗಳು ಉತ್ತರಿಸಬೇಕು."

ಪರಮಶಿವಯ್ಯನವರು ಕಕ್ಕಾಬಿಕ್ಕಿಯಾದರು. "ಯಾವುದಕ್ಕೆ ಉತ್ತರಿಸಲಿ? ಹೊರಗೆ ಹಾಕಿದ ಮನುಷ್ಯನಿಗೋ?"

"ಕಡತದಲ್ಲಿ ಇರುವ ಚಿಕ್ಕಬೈರಪ್ಪನವರ ವಿಚಾರಕ್ಕೆ."

ಊಟದ ಗಂಟೆ ಹತ್ತಿರವಾಗಿತ್ತು. ಹಸಿವು ಮಂತ್ರಿಗಳಿಗೂ ಇರುತ್ತದೆ. ಪರಮಶಿವಯ್ಯನವರು ಮೇಜು ಹಿಡಿದು ನಿಂತು, ಗಂಭೀರವಾಗಿ ನುಡಿದರು. "ಮಾನ್ಯ ಅಧ್ಯಕ್ಷರೇ, ಈ ಸಭೆಗೆ ನಾನು ಭರವಸೆ ಕೊಡುತ್ತೇನೆ. ಈ ಸರ್ಕಾರ ಇರುವವರೆಗೂ ಚಿಕ್ಕಬೈರಪ್ಪನವರ ಮೇಲೆ ಒಂದು ಬುಟ್ಟಿ ಮಣ್ಣೂ ಬೀಳಗೊಡುವುದಿಲ್ಲ."

ಸದಸ್ಯರು ಮೇಜು ತಟ್ಟಿದರು. ಮುನಿವೆಂಕಟಮ್ಮ ಎರಡೂ ಕೈ ಜೋಡಿಸಿದಳು. ಕಣ್ಣಲ್ಲಿ ನೀರು ಬಂತು. ಎರಡನ್ನು ಬೇಡಿದವಳಿಗೆ ಎರಡನ್ನೂ ಒಟ್ಟಿಗೆ ಕೊಟ್ಟ ಮಾತು ಅದು. ತಾಯಿ ಯಾರ ಬಾಯಿಂದ ಮಾತಾಡುತ್ತಾಳೆಂದು ಯಾರು ಬಲ್ಲರು? ಒಮ್ಮೊಮ್ಮೆ ಮಂತ್ರಿಗಳ ಬಾಯಿಂದಲೂ.

ಹೊರಗೆ ದೊಡ್ಡ ಮೆಟ್ಟಿಲುಗಳ ಮೇಲೆ ಚಿಕ್ಕಬೈರಪ್ಪ ಮಾರ್ಷಲ್ ಜೊತೆ ಎಲೆ ಅಡಿಕೆ ಹಾಕಿಕೊಳ್ಳುತ್ತ ಕೂತಿದ್ದ. ಹೆಂಡತಿಯನ್ನು ಕಂಡು ಎದ್ದ.

"ಏನಂದ್ರು ಒಳಗೆ?"

"ಸೋಮವಾರ ಲಾರಿ ಬರಲ್ಲ. ನಿಮ್ಮ ಮೇಲೆ ಒಂದು ಬುಟ್ಟಿ ಮಣ್ಣೂ ಹಾಕಲ್ವಂತೆ."

"ನನ್ನ ಮೇಲಾ? ನಾನೇನು ಸತ್ತಿದ್ನಾ?"

"ಬಿಡ್ತು ಅನ್ನಿ! ಸಾಯಲ್ಲ ಅಂತಾನೇ ಸರ್ಕಾರ ಹೇಳಿರೋದು. ಸಭೇಲಿ ಎಲ್ಲರೂ ಮೇಜು ಕುಟ್ಟಿ ಒಪ್ಪಿದ್ರು."

ಚಿಕ್ಕಬೈರಪ್ಪ ಯೋಚಿಸಿದ. "ಎಲ್ಲೀವರ್ಗೂ?"

"ಈ ಸರ್ಕಾರ ಇರೋವರ್ಗೂ."

"ಅಂದ್ರೆ ಇವ್ರು ಬಿದ್ದೋದ್ರೆ ನಾನೂ ಹೋದೆ, ಕೆರೇನೂ ಹೋಯ್ತು."

ಮುನಿವೆಂಕಟಮ್ಮ ಅದನ್ನು ಯೋಚಿಸಿರಲಿಲ್ಲ. ಆಕೆ ಮೆಟ್ಟಿಲ ಮೇಲೆಯೇ ನಿಂತಳು.

"ಮುಂದಿನ ಸಲ ನಾನು ಏಣಿಗೆ ಓಟು ಹಾಕೋಕಾಗಲ್ಲ ಕಣೇ" ಎಂದ ಚಿಕ್ಕಬೈರಪ್ಪ ಮೆಲ್ಲಗೆ. "ಈ ಸರ್ಕಾರದೋರಿಗೇ ಹಾಕ್ಬೇಕು. ನೀನು ಬೇಜಾರು ಮಾಡ್ಕೋಬೇಡ."

ಆಕೆ ಸೆರಗು ಬಿಗಿದು ಸೊಂಟಕ್ಕೆ ಸಿಕ್ಕಿಸಿಕೊಂಡಳು. "ನೀವೊಬ್ರು ಹಾಕಿದ್ರೆ ಸಾಕಾ? ಊರಿಗೆಲ್ಲ ಹೇಳ್ಬೇಕು. ನಾಳೆಯಿಂದ್ಲೇ ಮನೆ ಮನೆಗೆ ಹೋಗ್ತೀನಿ, ನನಗೆ ಯಾರೂ ಹಾಕ್ಬೇಡಿ ಅಂತ. ಈಗ ನಡೀರಿ, ಬಿಸಿಲಲ್ಲಿ ನಿಲ್ಬೇಡಿ."

ಮಾರ್ಷಲ್ ಅವರಿಬ್ಬರಿಗೂ ಒಂದು ಸಲಾಮು ಹೊಡೆದ. ಗಂಡನ ತೋಳು ಹಿಡಿದು, ಒಂದೊಂದೇ ಮೆಟ್ಟಿಲು ನೋಡಿ ನೋಡಿ ಇಳಿಸುತ್ತ, ಆಕೆ ಬಸ್ಸಿನ ಕಡೆ ನಡೆದಳು.