ಓಬಳಮ್ಮನವರ ಬಲಗೈ

"ಅಮ್ಮಾ, ಓಬಳಮ್ಮಜ್ಜಿ ಯಾಕೆ ಯಾವಾಗ್ಲೂ ಮಿಸ್‌ಗೆ ಕೈ ಎತ್ತಿದಂಗೆ ಎತ್ಕೊಂಡೇ ನಡೀತಾರೆ? ಅವ್ರಿಗೆ ಉತ್ತರ ಗೊತ್ತಾ?"

ಐದು ವರ್ಷದ ನನ್ನ ಮಗಳು ಯಶಸ್ವಿನಿ ನಡುಬೀದಿಯಲ್ಲಿ ಹೀಗೆ ಕೇಳಿದಾಗ ನನಗೆ ನಾಚಿಕೆಯಾಯಿತು. ಓಬಳಮ್ಮನವರು ಮಾತ್ರ "ಗೊತ್ತು ಕಣವ್ವಾ, ಕೇಳೋರೇ ಇಲ್ಲ" ಎಂದು ಗಟ್ಟಿಯಾಗಿ ನಕ್ಕರು.

ಎಡಕ್ಕೆ ತುಸು ವಾಲಿದ ನಡಿಗೆ, ಕಿವಿಯ ಮಟ್ಟಕ್ಕೆ ಎತ್ತಿ ಹಿಡಿದ ದಪ್ಪನೆಯ ಬಲಗೈ, ಅದಕ್ಕೆ ಮಣಿಕಟ್ಟಿನಿಂದ ಹೆಗಲವರೆಗೆ ಮೈಬಣ್ಣದ ಬಿಗಿ ತೋಳುಚೀಲ. ನಮ್ಮ ಹುಲಿಕುಂಟೆಯ ಬಿಸಿಲಲ್ಲೂ ಕಳಚದ ಆ ಚೀಲವನ್ನು ಅವರು "ರವಿಕೆಯ ಮೂರನೇ ತೋಳು" ಎನ್ನುತ್ತಾರೆ. ನಾಲ್ಕು ವರ್ಷದ ಹಿಂದೆ ಸ್ತನದ ಕ್ಯಾನ್ಸರಿಗೆ ಶಸ್ತ್ರಚಿಕಿತ್ಸೆಯಾದಾಗ ಬಲಗಂಕುಳಿನ ದುಗ್ಧಗ್ರಂಥಿಗಳನ್ನೂ ತೆಗೆದರು. ಕಾಲಿಗೆ ಮುಳ್ಳು ನೆಟ್ಟರೆ ತೊಡೆಸಂದಿಯಲ್ಲಿ ಗೆಡ್ಡೆ ಕಟ್ಟುತ್ತದಲ್ಲ, ಆ ಗೆಡ್ಡೆಯೇ ಈ ಗ್ರಂಥಿ. ಒಳನುಗ್ಗಿದ ರೋಗಾಣುವನ್ನು ತಡೆದು, ಗುರುತು ಹಿಡಿದು, ಬಿಳಿ ರಕ್ತಕಣಗಳನ್ನು ಕಾಳಗಕ್ಕೆ ಅಣಿಗೊಳಿಸುವ ಠಾಣೆ. ಠಾಣೆಗಳು ಹೋದ ಮೇಲೆ ಅವರ ತೋಳಿನ ದುಗ್ಧರಸಕ್ಕೆ ದಾರಿ ಇಕ್ಕಟ್ಟಾಗಿ, ಅದು ಅಲ್ಲೇ ನಿಂತು ಕೈ ಊದಿತು. ಅದನ್ನು ದೂಡುವುದಕ್ಕೆ ರಕ್ತಕ್ಕಿರುವಂತೆ ಹೃದಯವಿಲ್ಲ. ಬಹುಪಾಲು ನಮ್ಮ ಸ್ನಾಯುಗಳ ಹಿಂಡುವಿಕೆಯಿಂದ, ಉಸಿರಿನ ಏರಿಳಿತದಿಂದ ಅದು ಸರಿಯಬೇಕು. ಆದ್ದರಿಂದಲೇ ಎತ್ತಿದ ಕೈ, ಮುಷ್ಟಿ ಕಟ್ಟಿ ಬಿಚ್ಚುವ ಬೆರಳು.

ಆ ಕೈಗೆ ಒಂದು ಗೀರೂ ಆಗಬಾರದೆಂದು ಗಂಡ ಚಿಕ್ಕಹನುಮಯ್ಯನವರು ಈಳಿಗೆಮಣೆಯನ್ನು ಅಟ್ಟಕ್ಕೇರಿಸಿ, ತರಕಾರಿಯನ್ನು ತಾವೇ ಹೆಚ್ಚುತ್ತಾರೆ. "ಇದೇನು ಹುರುಳಿಕಾಯೋ, ಹಸುಗ್ ಹಾಕೋ ಮೇವೋ?" ಎಂದು ಓಬಳಮ್ಮನವರು ದಿನವೂ ಕೇಳುತ್ತಾರೆ.

ಇಷ್ಟೆಲ್ಲ ಜತನದ ನಡುವೆ ಪೆಟ್ಟು ಬಿದ್ದದ್ದು ಪಕ್ಕದ ಮನೆಯ ಪ್ರಿಯಾಂಕಳ ಸೀಮಂತದಲ್ಲಿ. ಬಸುರಿಗೆ ಬಳೆ ತೊಡಿಸಿದ ಮೇಲೆ ಬಂದ ಮುತ್ತೈದೆಯರೂ ತೊಡಬೇಕು. ಓಬಳಮ್ಮನವರು ಎಡಗೈಯನ್ನಷ್ಟೇ ನೀಡಿದರು.

"ಒಂದು ಕೈ ಬರಿದು ಬುಟ್ಕಂಡು ಬಸುರಿ ಮುಂದೆ ಕೂತ್ಕೋತೀಯಾ? ನಿನ್ ಗಂಡ ಗುಂಡ್ಕಲ್ಲಂಗೆ ಇಲ್ವೇನೇ?" ಎಂದರು ಪ್ರಿಯಾಂಕಳ ಅತ್ತೆ ರಾಜಲಕ್ಷ್ಮಮ್ಮ.

ಬಳೆಗಾರನೇ "ಕೈ ಊದೈತೆ, ಬ್ಯಾಡ ಬುಡಮ್ಮ" ಎಂದ. "ಸೋಪು ಹಚ್ಚಪ್ಪಾ, ಹೋಯ್ತದೆ!" ಎಂದರು ರಾಜಲಕ್ಷ್ಮಮ್ಮ.

ಚೀಲ ಕಳಚಿತು, ಸೋಪು ಬಂತು, ನಾಲ್ಕು ಹಸಿರು ಬಳೆ ಏರಿದವು. ಹೆಬ್ಬೆರಳ ಬುಡದಲ್ಲಿ ಚರ್ಮ ತರಚಿ ಮೂಡಿದ ರಕ್ತವನ್ನು ಶುಭದ ಹೊತ್ತೆಂದು ಓಬಳಮ್ಮನವರು ಸೆರಗಿನಲ್ಲಿ ಮುಚ್ಚಿಕೊಂಡರು. ಪಕ್ಕದಲ್ಲೇ ಇದ್ದ ನಾನು ಮಗಳಿಗೆ ಎಳ್ಳಿನ ಚಿಗಳಿ ತಿನ್ನಿಸುತ್ತಿದ್ದೆ, ನೋಡಲಿಲ್ಲ. ಆಮೇಲೆ ಅವರೇ ಹೇಳಿದಾಗ ತಿಳಿಯಿತು.

ಮರುದಿನ ಬೆಳಿಗ್ಗೆ ತೋಳು ಕೆಂಡದಂತೆ ಕೆಂಪಾಗಿ, ಮೈ ಗಡಗಡ ನಡುಗುತ್ತಿತ್ತು. ಸ್ಕೂಟರಿನಲ್ಲಿ ಶಿರಾಕ್ಕೆ ಕರೆದೊಯ್ದೆ. ಸೂಜಿ ಹಿಡಿದು ಬಂದ ನರ್ಸಿಗೆ, ಅಂಥ ಜ್ವರದಲ್ಲೂ, "ಎಡಗೈಗೆ ಹಾಕವ್ವಾ, ಈ ಕಡೆ ಕಾವಲಿಲ್ಲ" ಎಂದರು. ಸೋಂಕು ರಕ್ತಕ್ಕಿಳಿದರೆ ಜೀವಕ್ಕೇ ಅಪಾಯವಿತ್ತು, ಇನ್ನೊಂದು ದಿನ ತಡೆದಿದ್ದರೆ ಕಷ್ಟವಾಗುತ್ತಿತ್ತು ಎಂದರು ಡಾಕ್ಟರು. ಗಾಜಿನ ಚೂರು ತಾಗದಂತೆ ಕೆಳಗೆ ಬಟ್ಟೆ ತೂರಿಸಿ, ಬಳೆಗಳನ್ನು ಕತ್ತರಿಸಿ ತೆಗೆದರು.

ಐದನೆಯ ದಿನ, ಮಂಚದ ಮೇಲೆ ದಿಂಬಿಗೆ ಕೈಯೇರಿಸಿ ಕುಳಿತಿದ್ದ ಅವರನ್ನು ನೋಡುತ್ತ ನನಗನ್ನಿಸಿತು: ಕತ್ತರಿಗೂ ಕ್ಯಾನ್ಸರಿಗೂ ಅಂಜದ ಇಂಥ ಹೆಂಗಸರು ನಮ್ಮ ನಡುವೆ ಎಷ್ಟೋ ಮಂದಿ. ತನ್ನದು ಯಾವುದು, ಪರಕೀಯವು ಯಾವುದು ಎಂದು ಅವರ ರಕ್ತದ ಕಣಕ್ಕೆ ಗೊತ್ತಿರುತ್ತದೆ. ಆದರೆ ನೆಂಟಸ್ತಿಕೆಯ ಮುಖ ಹೊತ್ತು, ಅರಿಸಿನ ಕುಂಕುಮ ಹಿಡಿದು ಬರುವ ಒತ್ತಾಯದ ಎದುರು ಅವರ ನಾಲಿಗೆಯೇ ಏಳುವುದಿಲ್ಲ.

ಓಬಳಮ್ಮನವರು ಬಾಗಿಲ ಕಡೆ ನೋಡಿ, ದನಿ ತಗ್ಗಿಸಿದರು.

"ಭವ್ಯಾ, ಪ್ರಿಯಾಂಕನ ಕೂಸಿನ ನಾಮಕರಣಕ್ಕೂ ಬಳೆಗಾರ ಬತ್ತಾನೆ. ನೀನು ನನ್ ಮಗ್ಗುಲಾಗೇ ಕುಂತ್ಕೋ ಕಣಮ್ಮ. ಈ ಕೈ ನೀಡು ಅಂದ್ರೆ, ಆಗಾಕಿಲ್ಲ ಅಂತ ನೀನೇ ಅಂದ್ಬುಡು. ನಂಗೆ ಆ ಮಾತು ಬಾಯಿಗೇ ಬರಾಕಿಲ್ಲ."