ಹಿರಣ್ಮಯಿಯ ಹಕಾರ

ಚನ್ನರಾಯಪಟ್ಟಣದ ಕೊಬ್ಬರಿ ವ್ಯಾಪಾರಿ ಗೌರೀಶಂಕರ ತನ್ನ ಚೊಚ್ಚಲ ಮಗಳಿಗೆ ಹಿರಣ್ಮಯಿ ಎಂದು ಹೆಸರಿಟ್ಟದ್ದು ಸಾವಿರದ ಒಂಬೈನೂರ ಮೂವತ್ತೊಂದರಲ್ಲಿ. ಮೈಸೂರಿಗೆ ಹೋಗಿದ್ದಾಗ ಯಾವುದೋ ಪ್ರವಚನದಲ್ಲಿ ಆ ಹೆಸರು ಅವನ ಕಿವಿಗೆ ಬಿದ್ದಿತ್ತು. ಬಂಗಾರದಂಥವಳು ಎಂದು ಅರ್ಥ. ಅರ್ಥಕ್ಕಿಂತ ಹೆಚ್ಚಾಗಿ, ಇಡೀ ತಾಲ್ಲೂಕಿನಲ್ಲಿ ಇನ್ನೊಬ್ಬರಿಗಿಲ್ಲದ ಹೆಸರು ಎಂಬುದೇ ಅವನಿಗೆ ಹೆಮ್ಮೆ.

ತೊಟ್ಟಿಲಿಗೆ ಹಾಕಿದ ದಿನವೇ ತೊಂದರೆ ಶುರುವಾಯಿತು. ಅವನ ತಾಯಿ ಬಸವಲಿಂಗಮ್ಮ ಮಗುವಿನ ಕಿವಿಯ ಹತ್ತಿರ ಬಗ್ಗಿ, "ಇರಮ್ಮಾಯಿ" ಎಂದರು.

"ಅವ್ವಾ, ಇ ಅಲ್ಲ, ಹಿ. ಎದೆಯಿಂದ ಉಸಿರು ಬರಬೇಕು."

"ಉಸುರು ಬತ್ತಾನೇ ಅದೆ ಕಣಪ್ಪ. ಇಲ್ದಿದ್ರೆ ನಾನು ಬದುಕಿರ್ತಿದ್ನಾ?"

ಗೌರೀಶಂಕರ ಬಿಡಲಿಲ್ಲ. ಅಂಗಡಿ ಮುಚ್ಚಿ ಬಂದು ಸಂಜೆಸಂಜೆ ತಾಯಿಗೆ ಪಾಠ ಹೇಳಿದ. ವರ್ಷಗಟ್ಟಲೆ ಪಾಠ ನಡೆದ ಮೇಲೆ ಹಕಾರವೇನೋ ಮುದುಕಿಯ ಬಾಯಿಗೆ ಬಂತು. ಆದರೆ ಬೇಡದ ಕಡೆಯೆಲ್ಲ ಬಂತು. "ಇರಮ್ಮಾಯಿ, ಆ ಹೆಲೆ ಹಡಿಕೆ ತಟ್ಟೆ ಇತ್ತ ತಾ" ಎಂದು ಮೊಮ್ಮಗಳನ್ನು ಕೂಗುವಷ್ಟಾಯಿತು. ಹೆಂಡತಿ ನೀಲಾಂಬಿಕೆ ಜಾಣೆ. ಗಂಡನ ಎದುರಿಗೆ ಹಿರಣ್ಮಯಿ ಎನ್ನುತ್ತಿದ್ದಳು. ಅವನು ಹೊಸಿಲು ದಾಟಿದ ಕೂಡಲೇ ಇರಮ್ಮಾಯಿ.

ಬಾಗೂರಿನಿಂದ ಗಾಡಿಯಲ್ಲಿ ಕೊಬ್ಬರಿ ತರುತ್ತಿದ್ದ ಕೆಂಚಯ್ಯನಿಗೆ ಬೇರೆಯದೇ ಅನುಮಾನ.

"ಇರಣ್ಯ ಅಂದ್ರೆ ನರಸಿಂಹಸ್ವಾಮಿ ಒಟ್ಟೆ ಬಗುದ್ನಲ್ಲ, ಆ ರಾಕ್ಸಸ ಅಲ್ವಾ ಸಾವ್ಕಾರ್ರೆ? ಎಣ್ಣು ಮಗೀಗೆ ಯಾಕಿಟ್ರಿ?"

ಗೌರೀಶಂಕರ ಗಿರಾಕಿಗಳನ್ನು ಕಾಯಿಸಿ ಅವನಿಗೆ ಅರ್ಥ ಬಿಡಿಸಿ ಹೇಳಿದ. ಕೆಂಚಯ್ಯನ ತಲೆಯಲ್ಲಿ ಉಳಿದದ್ದು ಬಂಗಾರ ಒಂದೇ. ಮಾರನೇ ವರ್ಷ ಅವನಿಗೆ ಹುಟ್ಟಿದ ಮಗಳೂ ಇರಮ್ಮಾಯಿ ಆದಳು. ಸಾವ್ಕಾರ್ರ ಮನೆಯ ಹೆಸರು, ಬಂಗಾರ ಅಂತ ಅರ್ಥವಂತೆ ಎಂಬ ಸುದ್ದಿ ಹಬ್ಬಿತು. ಕೆಲವೇ ವರ್ಷಗಳಲ್ಲಿ ಬಾಗೂರಿನ ಬೀದಿಬೀದಿಗೂ ಒಬ್ಬ ಇರಮ್ಮಾಯಿ. ಒಂದು ಮನೆಯಲ್ಲಿ ಅದು ಇರಮ್ಮಣ್ಣಿಯಾಯಿತು, ಇನ್ನೊಂದರಲ್ಲಿ ಇರಮಾಯಕ್ಕ.

ಗೌರೀಶಂಕರನಿಗೆ ತಡೆಯಲಾಗಲಿಲ್ಲ. ಇಡುವುದಾದರೆ ಸರಿಯಾಗಿಯಾದರೂ ಕರೆಯಲಿ ಎಂದು ಕೆಂಚಯ್ಯನ ಮನೆಗೇ ಹೋದ. ಕೆಂಚಯ್ಯನ ಹೆಂಡತಿ ಶಿವಗಂಗಮ್ಮ ಮಜ್ಜಿಗೆ ಕೊಟ್ಟು, ಅವನ ಮಾತೆಲ್ಲ ಕೇಳಿ, "ನಿಮ್ಮ ಮಗೀನ ನೀವು ಎಂಗಾನಾ ಕರ್ಕಳಿ ಸಾವ್ಕಾರ್ರೆ. ನಮ್ಮುಡುಗಿ ಇಂಗೆ ಕರುದ್ರೆ ಓಡ್ಬತ್ತದೆ" ಎಂದಳು.

ನಲವತ್ತೇಳರಲ್ಲಿ ಹಿರಣ್ಮಯಿಗೆ ಗಂಡು ಗೊತ್ತಾಗುವಂತಾಯಿತು. ಅರಕಲಗೂಡಿನ ಹೊಗೆಸೊಪ್ಪಿನ ವ್ಯಾಪಾರಿ ಚಂದ್ರಶೇಖರಯ್ಯನವರ ಮಗ ಪಾಲಾಕ್ಷ. ಸಂಬಂಧ ತಂದವನು ಪಾಪಯ್ಯ ಎಂಬ ದಲ್ಲಾಳಿ. ಹೆಣ್ಣು ನೋಡಲು ಬಂದವರು ಉಪ್ಪಿಟ್ಟು ತಿಂದು, ಕಾಫಿ ಕುಡಿದರು. ಹುಡುಗಿ ಬಂದು ಚಾಪೆಯ ಮೇಲೆ ಕುಳಿತಳು.

"ನಿನ್ನೆಸರೇನವ್ವ?" ಎಂದು ಪಾಲಾಕ್ಷನ ತಾಯಿ ರೇವಮ್ಮ ಕೇಳಿದರು.

"ಹಿರಣ್ಮಯಿ."

ತುಂಬಿದ ಉಸಿರಿನಿಂದ, ಒಂದಕ್ಷರವೂ ಜಾರದಂತೆ ಹೇಳಿದಳು. ಗೌರೀಶಂಕರನ ಎದೆ ಉಬ್ಬಿತು. ಚಂದ್ರಶೇಖರಯ್ಯನವರ ಮುಖ ಮಾತ್ರ ಇಳಿದುಹೋಯಿತು.

"ಏನ್ರೀ ಪಾಪಯ್ಯ, ಇರಮ್ಮಾಯಿ ಅಂದಿದ್ರಲ್ಲ? ನಾವು ಹೆಸರುಬಲ ನೋಡ್ಸಿದ್ದು ಇಕಾರಕ್ಕೆ. ಚೆನ್ನಾಗಿ ಕೂಡಿ ಬಂತು ಅಂತ್ಲೇ ಬಂದ್ವಿ. ಹಿ ಅಂದ್ರೆ ನಕ್ಷತ್ರವೇ ಬೇರೆ ಆಯ್ತದೆ!"

"ಇಡೀ ಊರೇ ಅಂಗೆ ಕರೀತದೆ, ನಾನೇನ್ ಮಾಡ್ಲಿ ಸಾ?" ಎಂದ ಪಾಪಯ್ಯ.

ರೇವಮ್ಮ ಸೆರಗು ಸರಿಮಾಡಿಕೊಂಡು ಏಳುವವರಂತಾದರು. ಪಾಲಾಕ್ಷ ತಲೆ ತಗ್ಗಿಸಿ ಕೂತಿದ್ದರೂ ಕಣ್ಣು ಹುಡುಗಿಯ ಕಡೆಗಿತ್ತು. ಹುಡುಗಿಯೂ ಒಮ್ಮೆ ಅವನತ್ತ ನೋಡಿದಳು. ಆ ನೋಟ ಗೌರೀಶಂಕರನಿಗೆ ಕಂಡಿತು.

"ಅದು ಸುಮ್ನೆ ನನ್ನ ಚಪಲಕ್ಕೆ ಕಲಿಸಿದ್ದು ಯಜಮಾನ್ರೇ. ಅವಳ ಹೆಸರು…" ಮಗಳ ಕಡೆ ನೋಡದೆ ಮುಗಿಸಿದ. "ಇರಮ್ಮಾಯಿ."

"ಅಂಗನ್ನಿ ಮತ್ತೆ!" ಎಂದು ಚಂದ್ರಶೇಖರಯ್ಯ ನಕ್ಕರು. ಅಂದೇ ತಾಂಬೂಲ ಬದಲಾಯಿಸಿಕೊಂಡರು.

ಬಂದವರು ಬಸ್ಸು ಹತ್ತಿದ ಮೇಲೆ ಮಗಳು ಲೋಟಗಳನ್ನು ಎತ್ತಿಡುತ್ತ, "ನಿಮ್ಮ ಬಾಯಲ್ಲೂ ಚೆನ್ನಾಗೇ ಬತ್ತದಲ್ಲ ಅಪ್ಪಾಜಿ" ಎಂದಳು.

ಗೌರೀಶಂಕರ ಚಪ್ಪಲಿ ಮೆಟ್ಟಿಕೊಂಡು ಅಂಗಡಿಯ ಕಡೆ ಹೊರಟ. ಅರ್ಧ ಬೀದಿ ದಾಟುವಷ್ಟರಲ್ಲಿ ಅವನಿಗೇ ನಗು ಬಂತು.