ಎರಡು ಆಕ್ಟೋಪಸ್

ಬೆಳಿಗ್ಗೆ ಸೊಸೆಯ ಕಾರು ಹತ್ತುವಾಗಲೇ ಮಲ್ಜಾಗೆ ವಿಷಯ ಗೊತ್ತಾಗಿಹೋಯಿತು. ಹಿಂದಿನ ಸೀಟಿನಲ್ಲಿ ಗಂಡಸಿನ ಟೋಪಿಯೊಂದು ಬಿದ್ದಿತ್ತು. ಮಗ ತೇಸಿಕ್ ತೀರಿಕೊಂಡು ನಾಲ್ಕು ವರ್ಷ. ಅವನಂತೂ ಬದುಕಿದ್ದಾಗ ಟೋಪಿ ಮುಟ್ಟಿದವನೇ ಅಲ್ಲ. ಸೊಸೆ ಬೊರಾ ಏನೋ ಹೇಳಬೇಕೆಂದು ಎರಡು ಸಲ ಗಂಟಲು ಸರಿಮಾಡಿಕೊಂಡಳು. ಹೇಳಲು ಬಿಟ್ಟರೆ ತಾನೇ! ಪೊಹಾಂಗ್ ಪೇಟೆ ದಾಟುವವರೆಗೂ ಮಲ್ಜಾ ಮೂಲಂಗಿ ಬೆಲೆ, ಪಕ್ಕದ ಮನೆಯವಳ ಮಂಡಿನೋವು, ಕಿಮ್ಚಿ ಉಪ್ಪಿನಕಾಯಿಗೆ ಉಪ್ಪು ಸುರಿಯುವ ತನ್ನ ತಂಗಿ ಎಂದು ಬಾಯಿ ಮುಚ್ಚದೆ ಮಾತಾಡಿದಳು.

ಬೆಟ್ಟದ ಎಲೆ ಕೆಂಪಾಗುವ ಹೊತ್ತಿಗೆ, ತೇಸಿಕ್‌ನ ತಿಥಿಗೆ ಮುಂಚೆ, ಅತ್ತೆ ಸೊಸೆ ಹೀಗೆ ಹೊರಡುವುದು ರೂಢಿ. ಮೊದಲು ನೆಯೊನ್ ಬೆಟ್ಟ, ಇಳಿದು ಬಂದು ಬುಡದಲ್ಲಿರುವ ಬುದ್ಧನ ಗುಡಿ, ಆಮೇಲೆ ಕಡಲ ದಂಡೆ ಹಿಡಿದು ಗಂಗ್ಗು ಬಂದರು. ಎಡೆಗೆ ಇಡೀ ಆಕ್ಟೋಪಸ್ ಬೇಯಿಸಿ ಇಡದಿದ್ದರೆ ಆ ಸೀಮೆಯಲ್ಲಿ ತಿಥಿ ತಿಥಿಯೇ ಅಲ್ಲ. ಬೊರಾ ಇನ್ನೊಬ್ಬನ ಕೈ ಹಿಡಿದರೆ ಮುಂದಿನ ವರ್ಷ ಈ ದಾರಿಯಲ್ಲಿ ಯಾರ ಜೊತೆ ಬರುವುದು? ಮಲ್ಜಾಗೆ ಅದೊಂದೇ ಸಂಕಟ.

ಜಲಪಾತದ ಪಕ್ಕದ ಬಂಡೆಯ ಮೇಲೆ ಕೂತಾಗ ಬೊರಾ, "ಅತ್ತೆ, ಒಂದು ಮಾತು..." ಎಂದಳು. ಮಲ್ಜಾ ಅವಳ ಕೈಗೆ ಸೌತೆಕಾಯಿ ತುರುಕಿ ಮೊದಲು ತಿನ್ನು ಎಂದಳು. ಅಷ್ಟರಲ್ಲಿ ಪುಣ್ಯಕ್ಕೆ ಕೆಂಪು ಜಾಕೆಟ್ಟಿನ ಹೆಂಗಸೊಬ್ಬಳು ಪಕ್ಕದಲ್ಲೇ ಕೂತು, ಚೀಲದಿಂದ ಪರ್ಸಿಮನ್ ಹಣ್ಣು ತೆಗೆದು ಹಂಚಿ, ಇವಳು ನಿಮ್ಮ ಮಗಳಾ ಎಂದು ವಿಚಾರಿಸಿದಳು.

"ಸೊಸೆ," ಎಂದಳು ಮಲ್ಜಾ, ಕತ್ತು ಎತ್ತಿ.

ಈ ಕಾಲದಲ್ಲಿ ಅತ್ತೆ ಜೊತೆ ಬೆಟ್ಟ ಹತ್ತುವ ಸೊಸೆಯೇ, ನೀವು ಪುಣ್ಯ ಮಾಡಿದ್ದೀರಿ ಎಂದು ಆ ಹೆಂಗಸು ಬೆರಗಾಗಿ, ಮಗ ಬರಲಿಲ್ಲವಾ ಎಂದೂ ಕೇಳಿದಳು. ಅವನಿಗೆ ಕೆಲಸ ಎಂದು ಮಲ್ಜಾ ಸುಳ್ಳು ಹೇಳಿಬಿಟ್ಟಳು. ಬೊರಾ ಸೌತೆಕಾಯಿ ಕಚ್ಚದೆ ನೀರು ನೋಡುತ್ತಾ ಕೂತಳು.

ಗುಡಿಯಲ್ಲಿ ಇಬ್ಬರೂ ಪಕ್ಕಪಕ್ಕದಲ್ಲೇ ಅಡ್ಡಬಿದ್ದರು. ಮಲ್ಜಾ ಎದ್ದರೂ ಬೊರಾ ಏಳಲಿಲ್ಲ, ಹಣೆ ನೆಲಕ್ಕೆ ಹಚ್ಚಿಯೇ ಇದ್ದಳು. ಆ ಬೆನ್ನು ನೋಡಿ ಮಲ್ಜಾಗೆ ಅವಳ ಮದುವೆ ನೆನಪಾಯಿತು. ಗಂಡಿನ ತಾಯಿ ಹನ್‌ಬೊಕ್ ಎಂಬ ಹಬ್ಬದುಡುಪನ್ನು ನೀಲಿಯದೇ ಉಟ್ಟು ನೀಲಿ ಮೇಣದಬತ್ತಿ ಹಚ್ಚಬೇಕು, ಹೆಣ್ಣಿನ ತಾಯಿ ಗುಲಾಬಿ ಉಟ್ಟು ಗುಲಾಬಿ ಬತ್ತಿ. ಬೊರಾ ಶಾಲೆಗೆ ಹೋಗುವಾಗಲೇ ತಾಯಿಯನ್ನು ಕಳೆದುಕೊಂಡವಳು. ದೂರದ ಚಿಕ್ಕಮ್ಮ ಯಾರೋ ಬಾಡಿಗೆ ಗುಲಾಬಿ ಉಟ್ಟು ಬಂದು, ಬತ್ತಿ ಹಚ್ಚಿ, ಊಟಕ್ಕೂ ನಿಲ್ಲದೆ ಹೊರಟುಹೋಗಿದ್ದಳು. ಮದುಮಗಳು ಊಟದ ಉದ್ದಕ್ಕೂ ಬಾಗಿಲ ಕಡೆಯೇ ನೋಡುತ್ತಿದ್ದಳು. ಅದೇ ಹುಡುಗಿ ಆಸ್ಪತ್ರೆಯಲ್ಲಿ ತೇಸಿಕ್‌ನ ಕಾಲು ತೊಳೆದು ಒರೆಸಿ ಕೊನೆಯವರೆಗೂ ನೋಡಿಕೊಂಡಳು. ಇವಳ ಬಾಯಿಗೆ ಬೀಗ ಹಾಕೋಕೆ ಹೊರಟಿದ್ದೀಯಲ್ಲ ಮುದುಕಿ, ನಾಚಿಕೆ ಆಗಲ್ವಾ ಎಂದು ಮಲ್ಜಾ ಬುದ್ಧನ ಎದುರಿಗೇ ತನ್ನನ್ನು ತಾನು ಬೈದುಕೊಂಡಳು.

ಕಡಲ ದಾರಿಯಲ್ಲಿ ಮಲ್ಜಾಳ ಮಾತು ನಿಂತಿತು. ಬಲಗಡೆ ಸಮುದ್ರ, ಅಲ್ಲಲ್ಲಿ ಹಗ್ಗದ ಮೇಲೆ ಒಣಗುತ್ತಿದ್ದ ಬೊಂಡಾಸ್ ಮೀನು. ಬಾಯಿ ಬಿಡಲು ಈಗ ಅವಕಾಶ ಸಿಕ್ಕರೂ ಬೊರಾಗೆ ಧೈರ್ಯ ಬರಲಿಲ್ಲ.

"ಆ ಟೋಪಿಯವನು ಹೊಟ್ಟೆತುಂಬ ಊಟ ಮಾಡ್ತಾನಾ?" ಎಂದು ಮಲ್ಜಾ ಕೇಳಿದಳು.

ಕಾರು ಒಮ್ಮೆ ಓಲಾಡಿತು. ಬೊರಾ ರಸ್ತೆ ಪಕ್ಕಕ್ಕೆ ನಿಲ್ಲಿಸಿ, ಸ್ಟಿಯರಿಂಗ್ ಬಿಡದೆ ಹೇಳಿದಳು. "ಇಬ್ಬರ ಊಟ ಒಬ್ಬನೇ ಮಾಡ್ತಾನೆ ಅತ್ತೆ." ಆಮೇಲೆ ಅಳು ಬಂತು. ಶಾಲೆಗಳಿಗೆ ತರಕಾರಿ ಸಾಗಿಸುವವನಂತೆ, ಒಳ್ಳೆಯವನಂತೆ, ಮದುವೆಯಾಗೋಣ ಎಂದನಂತೆ. ಅತ್ತೆಯನ್ನು ಒಂಟಿ ಮಾಡಿ ಬರಲಾರೆ ಎಂದು ಇವಳೇ ಬೇಡವೆಂದು ಹೇಳಿದ್ದಳಂತೆ.

"ನಾನೇನು ಕಿಮ್ಚಿ ಜಾಡಿನೇನೇ, ಹಿತ್ತಲಲ್ಲಿ ಹೂತಿಟ್ಟು ಕಾಯ್ತಾ ಕೂರೋಕೆ?" ಎಂದು ಮಲ್ಜಾ ಗದರಿದಳು. ಹೊಟ್ಟೆ ಉರಿಯಲಿಲ್ಲ ಎಂದರೆ ಸುಳ್ಳಾದೀತು, ಉರಿಯಿತು. ಆದರೆ ಆ ಉರಿಗಿಂತ ಈ ಹುಡುಗಿಯ ಮೇಲಿನ ಪ್ರೀತಿಯೇ ದೊಡ್ಡದಾಗಿತ್ತು.

ಬಂದರಿನ ಮೀನಂಗಡಿಯವಳು ತೊಟ್ಟಿಯಿಂದ ಆಕ್ಟೋಪಸ್ ಎತ್ತಿ ಹಿಡಿದು, ಅಭ್ಯಾಸಬಲದಿಂದ ಕೇಳಿದಳು. "ಇವರು ಮಗಳಾ?"

ಬೊರಾ ತಾನೇ ಸೊಸೆ ಎನ್ನಲು ಬಾಯಿ ತೆರೆದಳು. ಮಲ್ಜಾ ಅವಳ ಮೊಣಕೈ ಅಮುಕಿ ಹಿಡಿದಳು.

"ಹೌದು, ಮಗಳು," ಎಂದಳು. "ಎರಡು ಬೇಯಿಸಿ ಕೊಡಮ್ಮ. ಒಂದು ನನ್ನ ಮಗನ ತಿಥಿಗೆ. ಇನ್ನೊಂದು ದೊಡ್ಡದಿರಲಿ, ಬೀಗರ ಮನೆಗೆ. ನಾವು ಹೆಣ್ಣಿನ ಕಡೆಯವರು, ಬರಿಗೈಯಲ್ಲಿ ಹೋಗೋಕಾಗುತ್ತಾ?"

ಕಾರಿಗೆ ಮರಳಿದ ಮೇಲೂ ಬೊರಾ ಎರಡೂ ಬಿಸಿ ಚೀಲಗಳನ್ನು ಎದೆಗೊತ್ತಿಕೊಂಡೇ ಕೂತಿದ್ದಳು. ಕೋಟಿನ ಮೇಲೆಲ್ಲ ಮೀನಿನ ನೀರು ಸೋರುತ್ತಿದ್ದರೂ ಅವಳಿಗೆ ಪರಿವೆಯಿರಲಿಲ್ಲ. ಮಲ್ಜಾ ತಲೆಯ ಮೇಲಿನ ಕನ್ನಡಿ ಕೆಳಗಿಳಿಸಿ, ಬೆಟ್ಟದ ಬಿಸಿಲಿಗೆ ಕಪ್ಪಿಟ್ಟ ತನ್ನ ಮುಖವನ್ನು ಅತ್ತ ಇತ್ತ ತಿರುಗಿಸಿ ನೋಡಿಕೊಂಡಳು.

"ನೀಲಿ ಒಂದು ಸಲ ಉಟ್ಟಾಯ್ತು," ಎಂದಳು. "ನಿಜ ಹೇಳೇ, ಈ ಮುಖಕ್ಕೆ ಗುಲಾಬಿ ಒಪ್ಪುತ್ತಾ?"